ಗುಟ್ಟಿನ ಒಡೆತನ

"ಸಂಸಾರ ಗುಟ್ಟು, ವ್ಯಾಧಿ ರಟ್ಟು" ಎಂಬುದು ಕನ್ನಡ ನಾಡಿನ ಹಳೆಯ ಗಾದೆ. ಮನೆಯೊಳಗಿನ ಸುಖದುಃಖಗಳನ್ನು ಬೀದಿಯಲ್ಲಿ ಹರಡಬಾರದು. ಆದರೆ ಮೈಗೆ ರೋಗ ಬಂದಾಗ ಅದನ್ನು ಮುಚ್ಚಿಡದೆ ಹೇಳಿಕೊಳ್ಳಬೇಕು ಎಂಬುದು ಇದರ ಸರಳವಾದ ಅರ್ಥ. ನಾಲ್ಕೇ ಪದಗಳ ಈ ಗಾದೆಯಲ್ಲಿ ನಮ್ಮ ಹಿರಿಯರ ಲೋಕಾನುಭವವು ಅಡಕವಾಗಿದೆ. ಗುಟ್ಟಾಗಿ ಇಡಬೇಕಾದುದು ಒಂದುಂಟು, ಹೊರಗೆಡಹಬೇಕಾದುದು ಒಂದುಂಟು. ಯಾವುದನ್ನು ಯಾರ ಮುಂದೆ, ಏತಕ್ಕಾಗಿ ಹೇಳಬೇಕೆಂಬುದನ್ನು ತೀರ್ಮಾನಿಸಬೇಕಾದವನು ಆ ಗುಟ್ಟಿನ ಒಡೆಯನೇ ಎಂಬ ವಿವೇಕವು ಅದರಲ್ಲಿದೆ.

ರೋಗಿಯು ವೈದ್ಯನ ಮುಂದೆ ತನ್ನ ಕಾಯಿಲೆಯನ್ನು ಹೇಳಿಕೊಳ್ಳುವುದು ಗುಣ ಹೊಂದುವುದಕ್ಕಾಗಿ. ಆ ಮಾತನ್ನು ಕೇಳಿದ ವೈದ್ಯನು ಅದನ್ನು ಸಂತೆಯಲ್ಲಿ ಸಾರಿದರೆ, ಇಲ್ಲವೆ ರೋಗಿಗೆ ಕೆಲಸ ಕೊಡಬೇಕಾದ ಯಜಮಾನನ ಕಿವಿಯಲ್ಲಿ ಊದಿದರೆ, ಅದನ್ನು ಯಾರೂ ನ್ಯಾಯವೆನ್ನಲಾರರು. "ನೀನೇ ಬಂದು ಹೇಳಿದೆಯಲ್ಲ, ಹೇಳಿದ ಮೇಲೆ ಅದು ನನ್ನದಾಯಿತು" ಎಂದು ವೈದ್ಯನು ವಾದಿಸಿದರೆ ಜನರು ನಗುವರು. ಹೇಳಿದ ಮಾತ್ರಕ್ಕೆ ಗುಟ್ಟಿನ ಒಡೆತನವು ಕೈಬಿಟ್ಟು ಹೋಗುವುದಿಲ್ಲ. ಒಂದು ಉದ್ದೇಶಕ್ಕಾಗಿ ಕೊಟ್ಟದ್ದು ಆ ಉದ್ದೇಶಕ್ಕೇ ಸಲ್ಲಬೇಕು. ಇದು ಎಲ್ಲರೂ ಒಪ್ಪುವ ನೀತಿ. ಆದರೆ ಇಷ್ಟು ಸರಳವಾದ ನೀತಿಯನ್ನು ಇಂದಿನ ಕಾಲದಲ್ಲಿ ಉಳಿಸಿಕೊಳ್ಳುವುದು ಅಷ್ಟು ಸರಳವಾಗಿಲ್ಲ.

ಹಿಂದಿನ ಕಾಲದಲ್ಲಿಯೂ ಮನುಷ್ಯನ ವಿಷಯವನ್ನು ಬರೆದಿಡುವ ಪದ್ಧತಿಯಿದ್ದಿತು. ಶಾನುಭೋಗರ ಕಡತಗಳಲ್ಲಿ ಅವನ ಹೊಲಗದ್ದೆಗಳ ವಿವರವಿದ್ದಿತು. ಅಂಗಡಿಯ ಖಾತೆ ಪುಸ್ತಕದಲ್ಲಿ ಅವನ ಸಾಲದ ಬಾಕಿಯಿದ್ದಿತು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅವನು ಹುಟ್ಟಿದ ದಿನವಿದ್ದಿತು. ಆಸ್ಪತ್ರೆಯ ಚೀಟಿಯಲ್ಲಿ ಅವನ ಕಾಯಿಲೆಯ ಹೆಸರಿದ್ದಿತು. ಆದರೆ ಇವೆಲ್ಲ ಬೇರೆ ಬೇರೆ ಕಡೆಗಳಲ್ಲಿ, ಬೇರೆ ಬೇರೆ ಬೀಗಗಳ ಒಳಗೆ ಇದ್ದುವು. ಇವನ್ನೆಲ್ಲ ಒಟ್ಟುಗೂಡಿಸಬೇಕೆಂದರೆ ಊರೂರು ಅಲೆಯಬೇಕಾಗಿದ್ದಿತು. ಕಾಗದಕ್ಕೆ ಹುಳು ಹಿಡಿಯುತ್ತಿದ್ದಿತು, ಮಸಿ ಮಾಸುತ್ತಿದ್ದಿತು, ಜನರು ಮರೆಯುತ್ತಿದ್ದರು. ಆ ಮರೆವೇ ಮನುಷ್ಯನಿಗೆ ಒಂದು ರಕ್ಷೆಯಾಗಿದ್ದಿತು.

ಗಣಕಯಂತ್ರಕ್ಕೆ ಮರೆವಿಲ್ಲ. ಕೈಯಲ್ಲಿರುವ ಮೊಬೈಲು ದೂರವಾಣಿಯು ಹತ್ತಿರದ ಗೋಪುರದೊಡನೆ ಆಗಾಗ ಸಂಪರ್ಕ ಹೊಂದುತ್ತಿರುತ್ತದೆ. ಆದುದರಿಂದ ಅದನ್ನು ಹಿಡಿದವನು ಯಾವ ಹೊತ್ತಿನಲ್ಲಿ ಯಾವ ಪ್ರದೇಶದಲ್ಲಿದ್ದನೆಂಬುದು ದಾಖಲಾಗುತ್ತದೆ. ಅಂತರಜಾಲದಲ್ಲಿ ಹುಡುಕಿದ ವಿಷಯ, ನೋಡಿದ ಚಿತ್ರ, ಕೊಂಡ ವಸ್ತು, ಕಳುಹಿಸಿದ ಹಣ ಇವೆಲ್ಲವೂ ದೂರದ ಯಾವುದೋ ಯಂತ್ರಾಗಾರದಲ್ಲಿ ಉಳಿಯುತ್ತವೆ. ಹೀಗೆ ಒಬ್ಬ ವ್ಯಕ್ತಿಯ ವಿಷಯವಾಗಿ ಸಂಗ್ರಹವಾಗುವ ಸಂಗತಿಗಳಿಗೆ ವೈಯಕ್ತಿಕ ದತ್ತಾಂಶವೆಂದು ಹೆಸರು. ಇವುಗಳಲ್ಲಿ ಒಂದೊಂದನ್ನೇ ತೆಗೆದುಕೊಂಡರೆ ಅದು ಅಲ್ಪವೆನಿಸಬಹುದು. ಆದರೆ ಔಷಧದ ಅಂಗಡಿಗೆ ಸಂದಾಯ ಮಾಡಿದ ಹಣ, ಆಸ್ಪತ್ರೆಯ ಬಳಿಯಲ್ಲಿ ಕಳೆದ ಗಂಟೆಗಳು, ನಡುರಾತ್ರಿಯಲ್ಲಿ ಹುಡುಕಿದ ರೋಗದ ಹೆಸರು ಈ ಮೂರನ್ನು ಒಂದುಗೂಡಿಸಿದರೆ, ಹೆತ್ತ ತಾಯಿಗೂ ತಿಳಿಸದ ಗುಟ್ಟೊಂದು ಅಪರಿಚಿತರಿಗೆ ತಿಳಿದುಹೋಗುತ್ತದೆ.

ಇತರ ಸ್ವತ್ತುಗಳಿಗೂ ದತ್ತಾಂಶಕ್ಕೂ ಇನ್ನೊಂದು ಭೇದವುಂಟು. ಹಸುವು ಕಳುವಾದರೆ ಕೊಟ್ಟಿಗೆಯು ಬರಿದಾಗುತ್ತದೆ. ಬೆಳಗಾಗುವಷ್ಟರಲ್ಲಿ ಮನೆಯವರಿಗೆ ಕಳವು ತಿಳಿಯುತ್ತದೆ. ದತ್ತಾಂಶವು ಕಳುವಾದಾಗ ಒಡೆಯನ ಬಳಿಯಲ್ಲಿಯೂ ಅದು ಇರುತ್ತದೆ, ಕಳ್ಳನ ಬಳಿಯಲ್ಲಿಯೂ ಇರುತ್ತದೆ. ಕಳವಾದುದೇ ಅವನಿಗೆ ವರ್ಷಗಟ್ಟಲೆ ತಿಳಿಯದೆ ಹೋಗಬಹುದು. ಹಸುವು ಸಿಕ್ಕಿದರೆ ಹಗ್ಗ ಹಿಡಿದು ಮನೆಗೆ ಕರೆತರಬಹುದು. ಪ್ರತಿಯಿಂದ ಪ್ರತಿಯಾಗಿ ಹರಡಿದ ದತ್ತಾಂಶವನ್ನು ಹಿಂದಕ್ಕೆ ಕರೆಯುವುದು ಬಹು ಕಷ್ಟ. ಬೀಗವು ಕೆಟ್ಟರೆ ಹೊಸದನ್ನು ಹಾಕಬಹುದು. ಬೆರಳಿನ ಗುರುತು ಅನ್ಯರ ಕೈಸೇರಿದರೆ ಹೊಸ ಬೆರಳನ್ನು ತರಲಾಗದು. "ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು" ಎಂಬ ಗಾದೆಯು ಇಲ್ಲಿ ಅಕ್ಷರಶಃ ಸತ್ಯವಾಗುತ್ತದೆ.

ಈ ವಿಚಾರವನ್ನು ಕೇಳಿದ ಹಲವರು ಒಂದು ಪ್ರಶ್ನೆಯನ್ನು ಎತ್ತುವುದುಂಟು. ತಪ್ಪು ಮಾಡದವನಿಗೆ ಮುಚ್ಚಿಡುವುದೇನಿದೆ? ತನ್ನ ಹೆಸರು, ಊರು, ಕುಲ, ಉದ್ಯೋಗಗಳನ್ನು ಯಾರು ಬರೆದುಕೊಂಡರೆ ಸಜ್ಜನನಿಗೆ ನಷ್ಟವೇನು? ಮೇಲುನೋಟಕ್ಕೆ ಇದು ಸರಿಯೆನಿಸುತ್ತದೆ. ಆದರೆ ಬರೆದುಕೊಂಡವನೇ ಆ ಪಟ್ಟಿಯನ್ನು ಎಂದೆಂದಿಗೂ ಇಟ್ಟುಕೊಂಡಿರುತ್ತಾನೆಂಬ ಭರವಸೆಯೇನೂ ಇಲ್ಲ. ಇಂದು ಒಳ್ಳೆಯವರ ಕೈಯಲ್ಲಿರುವ ಪಟ್ಟಿಯು ನಾಳೆ ಕ್ರೂರಿಗಳ ಕೈಗೆ ಸಿಕ್ಕಿದರೆ ಏನಾದೀತೆಂಬುದಕ್ಕೆ ಯೂರೋಪಿನ ಇತಿಹಾಸವು ಉತ್ತರವಿತ್ತಿದೆ.

ನೆದರ್ಲೆಂಡ್ಸ್ ದೇಶದಲ್ಲಿ ಎರಡನೆಯ ಮಹಾಯುದ್ಧಕ್ಕೆ ಮೊದಲೇ ಪ್ರಜೆಗಳ ನೋಂದಣಿಯು ಬಹಳ ಅಚ್ಚುಕಟ್ಟಾಗಿ ನಡೆಯುತ್ತಿದ್ದಿತು. ಪ್ರತಿಯೊಬ್ಬನ ಹೆಸರು, ವಿಳಾಸ, ಹುಟ್ಟಿದ ದಿನಗಳೊಡನೆ ಅವನ ಧರ್ಮವನ್ನೂ ನೋಂದಣಿಯಲ್ಲಿ ಬರೆಯುತ್ತಿದ್ದರು. ಆಡಳಿತದ ಅನುಕೂಲಕ್ಕಾಗಿ ಮಾಡಿದ ಕಾರ್ಯವದು. ಅದರಲ್ಲಿ ಯಾರ ಕೇಡನ್ನೂ ಯಾರೂ ಬಗೆದಿರಲಿಲ್ಲ. 1940ರ ಮೇ ತಿಂಗಳಲ್ಲಿ ಜರ್ಮನಿಯ ನಾಜಿ ಸೈನ್ಯವು ಆ ದೇಶವನ್ನು ಆಕ್ರಮಿಸಿಕೊಂಡಿತು. ನೋಂದಣಿಯ ಪಟ್ಟಿಗಳೂ ಅವರ ವಶವಾದುವು. ಯೆಹೂದ್ಯರು ಯಾರು, ಯಾವ ಬೀದಿಯ ಯಾವ ಮನೆಯಲ್ಲಿರುವರು ಎಂಬುದನ್ನು ತಿಳಿಯಲು ಆ ಪಟ್ಟಿಗಳು ನಾಜಿಗಳಿಗೆ ನೆರವಾದುವು. 1941ರಲ್ಲಿ ಗುರುತಿನ ಚೀಟಿಯು ಕಡ್ಡಾಯವಾಯಿತು. ಆ ದೇಶದಲ್ಲಿದ್ದ ಸುಮಾರು 1,40,000 ಯೆಹೂದ್ಯರಲ್ಲಿ 1,00,000ಕ್ಕೂ ಹೆಚ್ಚು ಮಂದಿ ಯುದ್ಧವು ಮುಗಿಯುವಷ್ಟರಲ್ಲಿ ಹತರಾಗಿದ್ದರು.

ಕೆಲವು ದೇಶಭಕ್ತರು ಯೆಹೂದ್ಯರನ್ನು ಉಳಿಸಲು ಸುಳ್ಳು ಗುರುತಿನ ಚೀಟಿಗಳನ್ನು ತಯಾರಿಸಿ ಕೊಡುತ್ತಿದ್ದರು. ಆದರೆ ಚೀಟಿಯನ್ನು ನೋಂದಣಿ ಕಚೇರಿಯ ಪಟ್ಟಿಯೊಡನೆ ಹೋಲಿಸಿದರೆ ಸುಳ್ಳು ಬಯಲಾಗುತ್ತಿದ್ದಿತು. ಹಾಗಾದರೆ ಆ ಪಟ್ಟಿಯನ್ನೇ ಸುಟ್ಟುಹಾಕಬೇಕೆಂದು ಅವರು ನಿಶ್ಚಯಿಸಿದರು. ಚಿತ್ರಕಾರನೂ ಲೇಖಕನೂ ಆಗಿದ್ದ ವಿಲೆಮ್ ಆರೊಂಡೇಯಸ್ ಮತ್ತು ಶಿಲ್ಪಿಯಾದ ಗೆರಿಟ್ ವಾನ್ ಡರ್ ವೇನ್ ಈ ಸಾಹಸಕ್ಕೆ ಮುಂದಾಳುಗಳಾದರು. 1943ರ ಮಾರ್ಚ್ 27ರ ರಾತ್ರಿ ಅವರ ತಂಡವು ಪೊಲೀಸರ ವೇಷದಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದ ನೋಂದಣಿ ಕಚೇರಿಯನ್ನು ಪ್ರವೇಶಿಸಿತು. ಕಾವಲುಗಾರರನ್ನು ಅವರು ಕೊಲ್ಲಲಿಲ್ಲ. ನಿದ್ರೆಯ ಔಷಧವನ್ನು ಚುಚ್ಚಿ, ಹೊತ್ತುಕೊಂಡು ಹೋಗಿ ಪಕ್ಕದ ಮೃಗಾಲಯದ ತೋಟದಲ್ಲಿ ಮಲಗಿಸಿದರು. ಅನಂತರ ಕಡತಗಳನ್ನು ಎಳೆದು ನೆಲದ ಮೇಲೆ ಹರಡಿ ಸಿಡಿಮದ್ದನ್ನಿಟ್ಟು ಬೆಂಕಿ ಹೊತ್ತಿಸಿದರು. ಬೆಂಕಿಯನ್ನು ಆರಿಸಬೇಕಾದ ಅಗ್ನಿಶಾಮಕ ದಳದವರೂ ಮನಸಾರೆ ತಡಮಾಡಿ ಬಂದರು; ಬಂದ ಮೇಲೆ, ಸುಡದೆ ಉಳಿದ ಕಾಗದಗಳು ನೆನೆದು ಹಾಳಾಗಲೆಂದು ಬೇಕಾದುದಕ್ಕಿಂತ ಹೆಚ್ಚು ನೀರನ್ನು ಸುರಿದರು.

ಇಷ್ಟಾದರೂ ನಾಶವಾದುದು ಒಟ್ಟು ದಾಖಲೆಗಳಲ್ಲಿ ಸ್ವಲ್ಪ ಭಾಗ ಮಾತ್ರ. ತಂಡದ ಬಹುಮಂದಿ ಸೆರೆಸಿಕ್ಕಿದರು. 1943ರ ಜುಲೈ 1ರಂದು ಆರೊಂಡೇಯಸ್ ಸೇರಿ ಹನ್ನೆರಡು ಮಂದಿಯನ್ನು ಗುಂಡಿಟ್ಟು ಕೊಲ್ಲಲಾಯಿತು. ತಾವು ಎಂದೂ ಕಾಣದ ಜನರ ಹೆಸರುಗಳು ಪಟ್ಟಿಯಲ್ಲಿ ಉಳಿಯಬಾರದೆಂದು ಅವರು ಪ್ರಾಣವನ್ನೇ ತೆತ್ತರು. ನೋಂದಣಿಯ ಕಾಗದದಲ್ಲಿ ತನ್ನ ಧರ್ಮವನ್ನು ಬರೆಯಿಸಿದಾಗ ಅಲ್ಲಿಯ ಯೆಹೂದ್ಯನಿಗೆ ಮುಚ್ಚಿಡುವುದೇನೂ ಇರಲಿಲ್ಲ. ಅವನು ಯಾವ ತಪ್ಪನ್ನೂ ಮಾಡಿರಲಿಲ್ಲ. ಆದರೂ ಅವನ ಬಾಗಿಲಿಗೆ ಮೃತ್ಯುವು ಬಂದಾಗ ಅದಕ್ಕೆ ದಾರಿ ತೋರಿಸಿದುದು ಆ ಕಾಗದವೇ.

ಮನುಷ್ಯನ ಖಾಸಗಿ ಬದುಕಿನೊಳಗೆ ಸರ್ಕಾರವು ಎಷ್ಟು ದೂರ ಕಾಲಿಡಬಹುದು ಎಂಬ ಪ್ರಶ್ನೆಯು ಸ್ವತಂತ್ರ ಭಾರತದ ನ್ಯಾಯಾಲಯಗಳ ಮುಂದೆಯೂ ಬಂದಿತು. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬಾತನ ಮೇಲೆ 1941ರಲ್ಲಿ ದರೋಡೆಯ ಆಪಾದನೆ ಬಂದಿದ್ದಿತು. ಸಾಕ್ಷ್ಯವಿಲ್ಲದುದರಿಂದ ಅವನನ್ನು ಬಿಟ್ಟುಬಿಟ್ಟರು. ಆದರೆ ಪೊಲೀಸರ ಕಡತದಲ್ಲಿ ಅವನ ಹೆಸರು ಉಳಿಯಿತು. ಆ ಕಾರಣದಿಂದ ನಡುರಾತ್ರಿಯಲ್ಲಿ ಕಾವಲುಗಾರರೂ ಪೊಲೀಸರೂ ಬಂದು ಅವನ ಬಾಗಿಲನ್ನು ಬಡಿದು, ಕೂಗಿ ಎಬ್ಬಿಸುತ್ತಿದ್ದರು, ಮನೆಯೊಳಕ್ಕೆ ನುಗ್ಗುತ್ತಿದ್ದರು. ಪರಸ್ಥಳಕ್ಕೆ ಹೋಗಬೇಕಾದರೆ ಅವನು ಅದನ್ನು ಮುಂಚಿತವಾಗಿ ತಿಳಿಸಬೇಕಾಗಿದ್ದಿತು. ಅವನು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕನು.

1962ರ ಡಿಸೆಂಬರ್ 18ರಂದು ಆರು ಮಂದಿ ನ್ಯಾಯಾಧೀಶರ ಪೀಠವು ತೀರ್ಪನ್ನಿತ್ತಿತು. ರಾತ್ರಿಯ ವೇಳೆಯಲ್ಲಿ ಮನೆಯನ್ನು ಹೊಗುವುದು ಸಂವಿಧಾನಕ್ಕೆ ವಿರುದ್ಧವೆಂದು ನ್ಯಾಯಾಲಯವು ಸಾರಿತು. ಆದರೆ ಅವನ ಚಲನವಲನಗಳ ಮೇಲೆ ಕಣ್ಣಿಡುವುದು ತಪ್ಪಲ್ಲವೆಂದೂ, ಖಾಸಗಿತನವೆಂಬುದು ಸಂವಿಧಾನವು ಕೊಟ್ಟ ಹಕ್ಕಲ್ಲವೆಂದೂ ಬಹುಮತದ ನ್ಯಾಯಾಧೀಶರು ಹೇಳಿದರು. ನ್ಯಾಯಮೂರ್ತಿ ಕೆ. ಸುಬ್ಬರಾವ್ ಇದನ್ನು ಒಪ್ಪಲಿಲ್ಲ. ಕೈಕಾಲುಗಳಿಗೆ ಬೇಡಿ ತೊಡಿಸಿದರೆ ಮಾತ್ರ ಸ್ವಾತಂತ್ರ್ಯಹರಣವಾಗುವುದೆಂದು ತಿಳಿಯಬಾರದು. ಯಾರೋ ಸದಾ ನೋಡುತ್ತಿರುವರೆಂಬ ಅರಿವು ಮನಸ್ಸನ್ನೇ ಬಂಧಿಸುತ್ತದೆ. ಖಾಸಗಿತನವಿಲ್ಲದೆ ವೈಯಕ್ತಿಕ ಸ್ವಾತಂತ್ರ್ಯವು ಪೂರ್ಣವಾಗದು ಎಂಬುದು ಅವರ ಅಭಿಪ್ರಾಯದ ತಿರುಳು. ನ್ಯಾಯಮೂರ್ತಿ ಷಾ ಅವರೂ ಅವರೊಡನೆ ನಿಂತರು. ಆದರೆ ಅಲ್ಪಮತದ ಅಭಿಪ್ರಾಯವು ಕಾನೂನಾಗಲಾರದು. ಅದು ಗ್ರಂಥದ ಪುಟಗಳಲ್ಲಿ ಹಾಗೆಯೇ ಉಳಿಯಿತು.

ಅರ್ಧ ಶತಮಾನವು ಕಳೆಯಿತು. 2009ರಲ್ಲಿ ಭಾರತ ಸರ್ಕಾರವು ದೇಶದ ನಿವಾಸಿಗಳಿಗೆ ಹನ್ನೆರಡು ಅಂಕಿಗಳ ಒಂದು ಗುರುತಿನ ಸಂಖ್ಯೆಯನ್ನು ಕೊಡುವುದಕ್ಕಾಗಿ ಪ್ರಾಧಿಕಾರವೊಂದನ್ನು ಸ್ಥಾಪಿಸಿತು. ಅದೇ ಆಧಾರ್. ಮೊದಲನೆಯ ಸಂಖ್ಯೆಯನ್ನು 2010ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ತೆಂಭಲಿ ಎಂಬ ಹಳ್ಳಿಯಲ್ಲಿ ನೀಡಲಾಯಿತು. ಬಡವರಿಗೆ ಸಲ್ಲಬೇಕಾದ ಪಡಿತರವೂ ಹಣವೂ ನಡುವೆ ಸೋರಿಹೋಗದೆ ಅವರಿಗೇ ತಲಪಬೇಕೆಂಬುದು ಯೋಜನೆಯ ಉದ್ದೇಶವಾಗಿದ್ದಿತು. ಅದಕ್ಕಾಗಿ ಪ್ರತಿಯೊಬ್ಬರ ಹತ್ತು ಬೆರಳುಗಳ ಗುರುತನ್ನೂ ಎರಡು ಕಣ್ಣುಗಳ ಪಾಪೆಯ ಚಿತ್ರವನ್ನೂ ಸಂಗ್ರಹಿಸತೊಡಗಿದರು.

ಉದ್ದೇಶವು ಒಳ್ಳೆಯದಾಗಿದ್ದರೂ ಒಂದು ಕೊರತೆಯಿದ್ದಿತು. ಇಷ್ಟು ದೊಡ್ಡ ಸಂಗ್ರಹಕ್ಕೆ ಸಂಸತ್ತಿನ ಶಾಸನದ ಆಧಾರವೇ ಆಗ ಇರಲಿಲ್ಲ. ಕೇವಲ ಸರ್ಕಾರದ ಆಜ್ಞೆಯ ಬಲದಿಂದ ಅದು ನಡೆಯುತ್ತಿದ್ದಿತು. ಈ ಕೊರತೆಯನ್ನು ಎತ್ತಿ ತೋರಿಸಿದವರು ಬೆಂಗಳೂರಿನಲ್ಲಿ ವಾಸವಾಗಿದ್ದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 1926ರಲ್ಲಿ ಜನಿಸಿದ ಅವರು 1952ರಲ್ಲಿ ವಕೀಲರಾಗಿ, 1977ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿ 1986ರಲ್ಲಿ ಆ ಪದವಿಯಿಂದ ನಿವೃತ್ತರಾದವರು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಅವರು ಅರ್ಜಿಯನ್ನು ಸಲ್ಲಿಸಿದಾಗ ಅವರಿಗೆ 86 ವರ್ಷ. ನ್ಯಾಯಪೀಠದ ಮೇಲೆ ಕುಳಿತು ತೀರ್ಪು ಹೇಳಿದವರು ಮುಪ್ಪಿನಲ್ಲಿ ಸಾಮಾನ್ಯ ಪ್ರಜೆಯಂತೆ ನ್ಯಾಯವನ್ನು ಬೇಡಿ ನಿಂತರು.

ವಾದವು ನಡೆಯುತ್ತಿದ್ದಾಗ 2015ರಲ್ಲಿ ಸರ್ಕಾರದ ಪರವಾಗಿ ಒಂದು ಮಾತು ಬಂದಿತು. ಖಾಸಗಿತನವು ಮೂಲಭೂತ ಹಕ್ಕೇ ಅಲ್ಲ. 1954ರ ಒಂದು ತೀರ್ಪೂ ಖರಕ್ ಸಿಂಗನ ತೀರ್ಪೂ ಹಾಗೆಂದೇ ಹೇಳಿವೆ ಎಂಬುದು ಆ ಮಾತು. ಅವುಗಳಲ್ಲಿ ಮೊದಲನೆಯದನ್ನು ಎಂಟು ಮಂದಿ ನ್ಯಾಯಾಧೀಶರು ಕೊಟ್ಟಿದ್ದುದರಿಂದ, ಅದನ್ನು ಪುನಃ ಪರಿಶೀಲಿಸಲು ಒಂಬತ್ತು ಮಂದಿಯ ಪೀಠವೇ ಬೇಕಾಯಿತು. 2017ರ ಆಗಸ್ಟ್ 24ರಂದು ಆ ಪೀಠವು ಒಮ್ಮತದ ತೀರ್ಪನ್ನಿತ್ತಿತು. ಖಾಸಗಿತನವು ಸಂವಿಧಾನದ 21ನೆಯ ಅನುಚ್ಛೇದವು ರಕ್ಷಿಸುವ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಅವಿಭಾಜ್ಯ ಅಂಗವೆಂದು ಅದು ಸಾರಿತು. ಸುಬ್ಬರಾವ್ ಅವರ ಅಲ್ಪಮತವು ಸುಮಾರು 55 ವರ್ಷಗಳ ತರುವಾಯ ದೇಶದ ಕಾನೂನಾಯಿತು.

ಆದರೆ ಈ ಹಕ್ಕಿಗೆ ಮಿತಿಯೇ ಇಲ್ಲವೆಂದು ನ್ಯಾಯಾಲಯವು ಹೇಳಲಿಲ್ಲ. ಅಪರಾಧಿಯನ್ನು ಹಿಡಿಯುವುದಕ್ಕೂ ಬಡವನಿಗೆ ಪಡಿತರವನ್ನು ಮುಟ್ಟಿಸುವುದಕ್ಕೂ ಸರ್ಕಾರಕ್ಕೆ ಕೆಲವು ವಿವರಗಳು ಬೇಕಾಗುತ್ತವೆ. ಅವನ್ನು ಕೇಳುವಾಗ ಮೂರು ನಿಯಮಗಳನ್ನು ಪಾಲಿಸಬೇಕು. ಅದಕ್ಕೆ ಶಾಸನದ ಆಧಾರವಿರಬೇಕು, ಉದ್ದೇಶವು ನ್ಯಾಯವಾದುದಾಗಿರಬೇಕು, ಉದ್ದೇಶಕ್ಕೆ ತಕ್ಕಷ್ಟನ್ನು ಮಾತ್ರ ಕೇಳಬೇಕು. ಆಧಾರ್ ಯೋಜನೆಗೆ ಸಂಸತ್ತು 2016ರಲ್ಲಿ ಶಾಸನವನ್ನು ಮಾಡಿದ್ದಿತು. 2018ರ ಸೆಪ್ಟೆಂಬರ್ 26ರಂದು ಐವರ ಪೀಠವು ಬಹುಮತದಿಂದ ಆ ಶಾಸನವನ್ನು ಎತ್ತಿಹಿಡಿಯಿತು. ಆದರೆ ಬ್ಯಾಂಕಿನ ಖಾತೆಗೂ ದೂರವಾಣಿಗೂ ಆಧಾರನ್ನು ಕಡ್ಡಾಯ ಮಾಡಿದುದನ್ನು ಅದು ರದ್ದುಗೊಳಿಸಿತು. ಶಾಲೆಗೆ ಮಕ್ಕಳನ್ನು ಸೇರಿಸಿಕೊಳ್ಳಲು ಅದನ್ನು ಕಡ್ಡಾಯ ಮಾಡಕೂಡದೆಂದೂ ಹೇಳಿತು. ಯೋಜನೆಯೂ ಉಳಿಯಿತು, ಅದಕ್ಕೆ ಎಲ್ಲೆಯೂ ಏರ್ಪಟ್ಟಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತಮ್ಮ 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಒಂಬತ್ತು ಮಂದಿಯ ಆ ತೀರ್ಪಿಗೆ ಇಂದಿಗೂ ಅವರ ಹೆಸರೇ ಇದೆ.

ಸರ್ಕಾರದ ಮಾತು ಹೀಗಾಯಿತು. ಆದರೆ ಇಂದು ಜನರ ದತ್ತಾಂಶವನ್ನು ಸರ್ಕಾರದಂತೆಯೇ ದೊಡ್ಡ ವ್ಯಾಪಾರ ಸಂಸ್ಥೆಗಳೂ ಕೂಡಿಹಾಕುತ್ತಿವೆ. ಅಂತರಜಾಲದ ಎಷ್ಟೋ ಸೌಕರ್ಯಗಳಿಗೆ ಬಳಸುವವನು ಹಣ ಕೊಡುವುದಿಲ್ಲ. ಬಿಟ್ಟಿಯಾಗಿ ದೊರೆತಂತೆ ಕಾಣುವ ಅವುಗಳ ಬೆಲೆಯನ್ನು ಅವನು ತನ್ನ ದತ್ತಾಂಶದ ರೂಪದಲ್ಲಿ ತೆರುತ್ತಾನೆ. ಅವನ ಅಭಿರುಚಿಯನ್ನು ತಿಳಿದು ಅದಕ್ಕೆ ತಕ್ಕ ಜಾಹೀರಾತನ್ನು ಅವನ ಕಣ್ಣಮುಂದೆ ಹಿಡಿದು ಸಂಸ್ಥೆಗಳು ಹಣ ಗಳಿಸುತ್ತವೆ.

ಇದರಿಂದ ಆಗಬಹುದಾದ ಅನರ್ಥವು 2018ರಲ್ಲಿ ಬೆಳಕಿಗೆ ಬಂದಿತು. ಅದಕ್ಕೆ ಕೆಲವು ವರ್ಷಗಳ ಹಿಂದೆ ಸಂಶೋಧಕನೊಬ್ಬನು ಫೇಸ್‌ಬುಕ್ಕಿನಲ್ಲಿ ವ್ಯಕ್ತಿತ್ವ ಪರೀಕ್ಷೆಯ ಪ್ರಶ್ನಾವಳಿಯೊಂದನ್ನು ಹರಡಿದ್ದನು. ಸುಮಾರು 2,70,000 ಮಂದಿ ಅದನ್ನು ತೆಗೆದುಕೊಂಡರು. ಆದರೆ ಅವರ ವಿವರಗಳೊಡನೆ, ಏನನ್ನೂ ಅರಿಯದ ಅವರ ಸ್ನೇಹಿತರ ವಿವರಗಳೂ ಅವನ ಕೈಸೇರಿದುವು. ಅವು ಅಲ್ಲಿಂದ ಕೇಂಬ್ರಿಜ್ ಅನಲಿಟಿಕಾ ಎಂಬ ಚುನಾವಣಾ ಪ್ರಚಾರದ ಸಂಸ್ಥೆಗೆ ಹೋದುವು. ಹೀಗೆ 8 ಕೋಟಿ 70 ಲಕ್ಷ ಜನರ ವಿವರಗಳು ಕೈಬದಲಾಗಿರಬಹುದೆಂದು ಫೇಸ್‌ಬುಕ್ ತಾನೇ ಒಪ್ಪಿಕೊಂಡಿತು. ಅದರ ಲೆಕ್ಕದಂತೆ ಭಾರತದಲ್ಲಿ ಆ ಪ್ರಶ್ನಾವಳಿಯನ್ನು ತೆಗೆದುಕೊಂಡವರು 335 ಮಂದಿ. ಬಾಧಿತರಾಗಿರಬಹುದಾದವರು 5,62,000ಕ್ಕೂ ಹೆಚ್ಚು. ಅಮೆರಿಕದ ಸರ್ಕಾರಿ ಆಯೋಗವು 2019ರಲ್ಲಿ ಆ ಸಂಸ್ಥೆಗೆ 500 ಕೋಟಿ ಡಾಲರುಗಳ ದಂಡವನ್ನು ವಿಧಿಸಿತು.

ಈ ಲೆಕ್ಕವು ಒಂದು ಹೊಸ ಪಾಠವನ್ನು ಕಲಿಸುತ್ತದೆ. ಒಬ್ಬನ ದತ್ತಾಂಶದಲ್ಲಿ ಹಲವರ ದತ್ತಾಂಶವು ಹೆಣೆದುಕೊಂಡಿರುತ್ತದೆ. ಹೊಲವನ್ನು ಮಾರುವವನು ತನ್ನ ಬದುವಿನೊಳಗಿನದನ್ನು ಮಾತ್ರ ಮಾರುತ್ತಾನೆ. ನೆರೆಯವನ ಹೊಲವು ಅದರೊಡನೆ ಹೋಗದು. ಆದರೆ ತನ್ನ ದೂರವಾಣಿಯಲ್ಲಿರುವ ಹೆಸರುಗಳ ಪಟ್ಟಿಯನ್ನು ಓದಲು ಒಪ್ಪಿಗೆ ಕೊಟ್ಟವನು, ತನಗೆ ತಿಳಿಯದೆಯೇ ನೂರು ಮಂದಿಯ ಬಾಗಿಲನ್ನು ತೆರೆದುಕೊಡುತ್ತಾನೆ. ಆದುದರಿಂದ ದತ್ತಾಂಶವನ್ನು ಹೊಲಮನೆಗಳಂತೆ ಕೊಂಡು ಮಾರಬಹುದಾದ ಸ್ವತ್ತೆಂದು ಎಣಿಸುವುದು ಸಾಲದು. ಅದು ಮನುಷ್ಯನ ವ್ಯಕ್ತಿತ್ವದ ಒಂದು ಭಾಗ. ಅದನ್ನು ಪಡೆದವನು ಅದರ ಒಡೆಯನಲ್ಲ. ನಂಬಿ ಇಟ್ಟ ಗಂಟನ್ನು ಕಾಯುವವನು.

ಭಾರತದ ಸಂಸತ್ತು 2023ರಲ್ಲಿ ಮಾಡಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಈ ಭಾವನೆಯನ್ನೇ ಕಾನೂನಿನ ಮಾತಿನಲ್ಲಿ ಹೇಳುತ್ತದೆ. ದತ್ತಾಂಶವನ್ನು ಪಡೆದ ಸಂಸ್ಥೆಯನ್ನು ಅದು ನಂಬಿಕೆಗೆ ಪಾತ್ರವಾಗಿ ನಡೆಯಬೇಕಾದ ಹೊಣೆಗಾರನೆಂಬ ಅರ್ಥದ ಹೆಸರಿನಿಂದ ಕರೆಯುತ್ತದೆ. ಅದರಂತೆ, ಕೊಡುವವನ ಒಪ್ಪಿಗೆಯು ಬಲಾತ್ಕಾರವಿಲ್ಲದುದೂ ಸ್ಪಷ್ಟವೂ ಆಗಿರಬೇಕು. ಏತಕ್ಕಾಗಿ ದತ್ತಾಂಶ ಬೇಕೆಂಬುದನ್ನು ಮೊದಲೇ ತಿಳಿಸಬೇಕು. ಆ ತಿಳಿವಳಿಕೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಯಾವ ಭಾಷೆಯಲ್ಲಾದರೂ ಓದುವ ಅವಕಾಶವಿರಬೇಕು. ಕನ್ನಡವೂ ಆ ಭಾಷೆಗಳಲ್ಲಿ ಒಂದು. ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂದಕ್ಕೆ ಪಡೆಯಬಹುದು. ತಪ್ಪಾಗಿ ಬರೆದುದನ್ನು ತಿದ್ದಿಸಬಹುದು, ಅಳಿಸಲು ಕೇಳಬಹುದು. 18 ವರ್ಷ ತುಂಬದವರ ದತ್ತಾಂಶಕ್ಕೆ ತಂದೆತಾಯಿಗಳ ಇಲ್ಲವೆ ಪೋಷಕರ ಒಪ್ಪಿಗೆ ಬೇಕು. ದತ್ತಾಂಶವನ್ನು ಜೋಪಾನ ಮಾಡದ ಸಂಸ್ಥೆಗೆ 250 ಕೋಟಿ ರೂಪಾಯಿಗಳವರೆಗೆ ದಂಡವನ್ನು ವಿಧಿಸಬಹುದು. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದುವು. ಅವು ಹಂತ ಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ. ಈ ಅಧಿನಿಯಮವು ಸರ್ಕಾರದ ಸಂಸ್ಥೆಗಳಿಗೆ ಹೆಚ್ಚಿನ ವಿನಾಯಿತಿಗಳನ್ನು ಕೊಟ್ಟಿದೆಯೆಂದು ಆಕ್ಷೇಪಿಸುವವರೂ ಉಂಟು. ಪ್ರಜಾಪ್ರಭುತ್ವದಲ್ಲಿ ಅಂಥ ಚರ್ಚೆಯು ನಡೆಯುತ್ತಲೇ ಇರಬೇಕು.

ಆದರೆ ಕಾನೂನು ಎಷ್ಟೇ ಬಲವಾಗಿರಲಿ, ಮನೆಯೊಡೆಯನು ತಾನೇ ಕದವನ್ನು ತೆರೆದಿಟ್ಟು ಮಲಗಿದರೆ ಕಾವಲುಗಾರನು ಏನು ಮಾಡಬಲ್ಲನು? ಓದದೆ ಒಪ್ಪಿಗೆಯ ಗುಂಡಿಯನ್ನು ಒತ್ತುವುದು, ಗುಪ್ತಪದವನ್ನು ಗೆಳೆಯರಿಗೆ ಹೇಳುವುದು, ಬ್ಯಾಂಕಿನಿಂದ ಬಂದ ಗುಪ್ತಸಂಖ್ಯೆಯನ್ನು ಅಪರಿಚಿತರಿಗೆ ತಿಳಿಸುವುದು ಇವೆಲ್ಲ ಕದ ತೆರೆದು ಮಲಗಿದಂತೆಯೇ ಸರಿ. ದೀಪ ತೋರಿಸುವ ಯಂತ್ರಾಂಶವೊಂದು ದೂರವಾಣಿಯಲ್ಲಿರುವ ಹೆಸರುಗಳ ಪಟ್ಟಿಯನ್ನು ಕೇಳಿದರೆ, ದೀಪಕ್ಕೂ ಪಟ್ಟಿಗೂ ಏನು ಸಂಬಂಧವೆಂದು ಒಮ್ಮೆಯಾದರೂ ಯೋಚಿಸುವುದು ವಿವೇಕದ ಲಕ್ಷಣ.

ತನ್ನ ಗುಟ್ಟನ್ನು ಕಾಯುವುದು ವಿವೇಕವಾದರೆ, ಪರರ ಗುಟ್ಟನ್ನು ಕಾಯುವುದು ಸೌಜನ್ಯ. ತರಗತಿಯಲ್ಲಿ ಒಬ್ಬ ಹುಡುಗನು ಅಳುತ್ತಿರುವಾಗ ಅವನ ಚಿತ್ರವನ್ನು ತೆಗೆದು ನಗೆಗಾಗಿ ನಾಲ್ವರಿಗೆ ಕಳುಹಿಸಿದವನು, ಖರಕ್ ಸಿಂಗನ ಬಾಗಿಲನ್ನು ನಡುರಾತ್ರಿಯಲ್ಲಿ ಬಡಿದವರ ಕೆಲಸವನ್ನೇ ಮಾಡುತ್ತಾನೆ. ನಾಲ್ವರಿಂದ ನಾನೂರು ಮಂದಿಗೆ ಹೋದ ಆ ಚಿತ್ರವನ್ನು, ಮರುದಿನ ಪಶ್ಚಾತ್ತಾಪವಾದರೂ ಹಿಂದಕ್ಕೆ ತರುವ ಶಕ್ತಿಯು ಅವನಿಗಿಲ್ಲ. ಅಳುವುದಕ್ಕೂ ಒಂದು ಮರೆ ಬೇಕು. ಆ ಮರೆಯನ್ನು ಕಿತ್ತುಕೊಳ್ಳುವ ಹಕ್ಕು ಸರ್ಕಾರಕ್ಕಿಲ್ಲ, ವ್ಯಾಪಾರಿಗಿಲ್ಲ, ಗೆಳೆಯನಿಗೂ ಇಲ್ಲ.

"ಸಂಸಾರ ಗುಟ್ಟು, ವ್ಯಾಧಿ ರಟ್ಟು" ಎಂದು ಹೇಳಿದ ಹಿರಿಯರು ಗಣಕಯಂತ್ರವನ್ನು ಕಂಡವರಲ್ಲ. ಆದರೂ ಅವರ ಮಾತಿನಲ್ಲಿ ಗುಟ್ಟಿಗೂ ಸ್ಥಾನವಿದೆ, ರಟ್ಟಿಗೂ ಸ್ಥಾನವಿದೆ; ಎರಡನ್ನೂ ಬೇರ್ಪಡಿಸುವ ಅಗುಳಿಯು ಕದದ ಒಳಬದಿಯಲ್ಲಿದೆ. ಅದನ್ನು ತೆಗೆಯಬೇಕಾದವನು ಒಳಗಿರುವವನೇ.

ಪದಗಳ ಅರ್ಥ

ಅಗುಳಿ – ಬಾಗಿಲನ್ನು ಒಳಗಿನಿಂದ ಭದ್ರಪಡಿಸುವ ಮರದ ಅಥವಾ ಕಬ್ಬಿಣದ ಪಟ್ಟಿ
ಅನುಚ್ಛೇದ – ಸಂವಿಧಾನದ ವಿಧಿ
ಅವಿಭಾಜ್ಯ – ಬೇರ್ಪಡಿಸಲಾಗದ
ಗುಪ್ತಪದ – ಖಾತೆಯನ್ನು ತೆರೆಯಲು ಬಳಸುವ ಗುಟ್ಟಿನ ಪದ
ದತ್ತಾಂಶ – ಸಂಗ್ರಹಿಸಿಟ್ಟ ವಿವರ
ಪಾಪೆ – ಕಣ್ಣಿನ ನಡುವಣ ಭಾಗ
ಬದು – ಹೊಲದ ಎಲ್ಲೆಯ ದಿಣ್ಣೆ
ಮೊರೆಹೊಗು – ಶರಣುಹೋಗು
ರಟ್ಟು – ಬಯಲು, ಬಹಿರಂಗ

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ವೈಯಕ್ತಿಕ ದತ್ತಾಂಶವೆಂದರೇನು?
2. ಆಮ್‌ಸ್ಟರ್‌ಡ್ಯಾಮಿನ ದೇಶಭಕ್ತರು ನೋಂದಣಿ ಕಚೇರಿಯನ್ನು ಸುಡಲು ಏಕೆ ನಿಶ್ಚಯಿಸಿದರು?
3. ಪುಟ್ಟಸ್ವಾಮಿಯವರು ಸರ್ವೋಚ್ಚ ನ್ಯಾಯಾಲಯಕ್ಕೆ ಯಾವ ವರ್ಷ ಅರ್ಜಿ ಸಲ್ಲಿಸಿದರು?
4. ಖಾಸಗಿತನವನ್ನು ಸಂವಿಧಾನದ ಎಷ್ಟನೆಯ ಅನುಚ್ಛೇದದ ಅಂಗವೆಂದು ನ್ಯಾಯಾಲಯವು ಸಾರಿತು?

ಆ. ಐದಾರು ವಾಕ್ಯಗಳಲ್ಲಿ ಉತ್ತರಿಸಿರಿ.
1. ಹಸುವಿನ ಕಳವಿಗೂ ದತ್ತಾಂಶದ ಕಳವಿಗೂ ಇರುವ ಭೇದವೇನು?
2. ಖರಕ್ ಸಿಂಗನ ಮೊಕದ್ದಮೆಯಲ್ಲಿ ಬಹುಮತಕ್ಕೂ ಅಲ್ಪಮತಕ್ಕೂ ಇದ್ದ ಭಿನ್ನಾಭಿಪ್ರಾಯವನ್ನು ವಿವರಿಸಿರಿ.
3. ಪ್ರಜೆಗಳಿಂದ ವಿವರಗಳನ್ನು ಕೇಳುವಾಗ ಸರ್ಕಾರವು ಪಾಲಿಸಬೇಕಾದ ಮೂರು ನಿಯಮಗಳಾವುವು?

ಇ. ಸಂದರ್ಭದೊಡನೆ ವಿವರಿಸಿರಿ.
1. "ಆ ಮರೆವೇ ಮನುಷ್ಯನಿಗೆ ಒಂದು ರಕ್ಷೆಯಾಗಿದ್ದಿತು."
2. "ಅಳುವುದಕ್ಕೂ ಒಂದು ಮರೆ ಬೇಕು."

ಈ. ಬಿಡಿಸಿ ಸಂಧಿಯ ಹೆಸರನ್ನು ತಿಳಿಸಿರಿ.
ನ್ಯಾಯಾಲಯ, ಸರ್ವೋಚ್ಚ, ದತ್ತಾಂಶ, ಲೋಕಾನುಭವ

ಉ. "ತಪ್ಪು ಮಾಡದವನಿಗೆ ಮುಚ್ಚಿಡುವುದೇನಿದೆ?" ಎಂಬ ವಿಷಯವನ್ನು ಕುರಿತು ತರಗತಿಯಲ್ಲಿ ಚರ್ಚಾಕೂಟವನ್ನು ಏರ್ಪಡಿಸಿರಿ.